ಹಾರದ ವಿಮಾನವೂ ತೀರದ ಋಣವೂ

ಸಖರಾಯಪಟ್ಟಣದ ಸೀಮೆಯಲ್ಲಿ ಅಯ್ಯನಕೆರೆಯ ಕಥೆಯನ್ನು ಕೇಳದೆ ಬೆಳೆದವರು ವಿರಳ. ಶಕುನಗಿರಿಯ ತಪ್ಪಲಿನಲ್ಲಿ ರುಕ್ಮಾಂಗದರಾಯನು ಕಟ್ಟಿಸಿದನೆಂದು ಪ್ರತೀತಿಯುಳ್ಳ ಆ ಕೆರೆಯು ಒಂದಾನೊಂದು ಕಾಲದಲ್ಲಿ ಒಡೆಯುವ ಸ್ಥಿತಿಗೆ ಬಂದಿತಂತೆ. ಕೆರೆಯ ಅಧಿದೇವತೆಯು ಈ ಸಂಗತಿಯನ್ನು ಮುಂದಾಗಿಯೇ ನೀರುಗಂಟಿಗೆ ತಿಳಿಸಿದಳು. ತಾನು ಪಟ್ಟಣಕ್ಕೆ ಹೋಗಿ ದೊರೆಗೆ ಅರಿಕೆಮಾಡಿ, ಅಪ್ಪಣೆಯನ್ನು ಪಡೆದು ಹಿಂದಿರುಗುವವರೆಗೆ ತಾಳಬೇಕೆಂದು ಅವನು ಬೇಡಿಕೊಂಡನು. ದೇವಿಯು ಹಾಗೆಯೇ ಆಗಲೆಂದು ಮಾತುಕೊಟ್ಟಳು. ನೀರುಗಂಟಿಯು ಓಡೋಡಿ ಬಂದು ದೊರೆಗೆ ಬಿನ್ನವಿಸಿದನು. ದೊರೆಯಾದರೋ, ಇವನು ಹಿಂದಿರುಗದಿದ್ದರೆ ಕೆರೆಯು ಎಂದೆಂದಿಗೂ ಒಡೆಯಲಾರದಲ್ಲವೆ ಎಂದು ಎಣಿಸಿ, ಆ ಬಡವನನ್ನು ನಿಂತಲ್ಲಿಯೇ ಕೊಲ್ಲಿಸಿದನಂತೆ. ದೇವಿಯು ಇಂದಿಗೂ ಕಾಯುತ್ತಿರುವಳು. ಕೆರೆಯು ಇಂದಿಗೂ ನಿಂತಿರುವುದು.

ವಿಮಾನದ ವಿಷಯವನ್ನು ಬರೆಯಹೊರಟು ಕೆರೆಯ ಕಥೆಯನ್ನು ಹೇಳುವುದೇಕೆಂದು ವಾಚಕ ಮಹಾಶಯರು ಕೇಳಬಹುದು. ಈ ಕಥೆಯಲ್ಲಿ ಎರಡು ತತ್ತ್ವಗಳು ಅಡಗಿರುವುವು. ಕೊಟ್ಟ ಮಾತನ್ನು ದೇವತೆಯಾದರೂ ಮೀರತಕ್ಕದ್ದಲ್ಲವೆಂಬುದು ಒಂದು. ಅರಿಕೆಯನ್ನು ಹೊತ್ತು ಬಂದವನು ಮತ್ತೆ ಮರಳದಿದ್ದರೆ ಬಲಿಷ್ಠನಿಗೇ ಲಾಭವೆಂಬುದು ಎರಡನೆಯದು. ಹಣವನ್ನು ಮುಂಗಡವಾಗಿ ತೆಗೆದುಕೊಂಡು, ಇಂಥ ದಿನ ಇಂಥ ಹೊತ್ತಿಗೆ ಇಂಥ ಊರಿಗೆ ಕರೆದೊಯ್ಯುವೆವೆಂದು ಮಾತುಕೊಟ್ಟ ವಿಮಾನ ಕಂಪೆನಿಗಳು ಆ ಮಾತನ್ನು ಮುರಿದಾಗ, ಪ್ರಯಾಣಿಕನಿಗೆ ಸಲ್ಲತಕ್ಕುದೇನು, ಅದನ್ನು ಅವನು ಪಡೆಯುವ ಬಗೆ ಹೇಗೆ ಎಂಬುದನ್ನು ನಾವು ಈ ದಿನ ವಿಚಾರಿಸಲಿರುವೆವು.

ವಿಮಾನಯಾನವು ಶ್ರೀಮಂತರ ಬಾಬತ್ತು, ಕಡೂರು ತರೀಕೆರೆಗಳ ಗೃಹಸ್ಥರಿಗೆ ಅದರಿಂದೇನು ಎನ್ನುವ ಕಾಲವು ಹೋಯಿತು. ನಮ್ಮ ನೆರೆಯ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರು ೨೦೦೩ರಲ್ಲಿ ಏರ್ ಡೆಕ್ಕನ್ ಎಂಬ ಕಂಪೆನಿಯನ್ನು ಹೂಡಿ, ಒಂದು ರೂಪಾಯಿಯ ಟಿಕೇಟನ್ನು ಸಹ ಮಾರಿ, ಸಾಮಾನ್ಯರನ್ನು ಆಕಾಶಕ್ಕೆ ಏರಿಸಿದರು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆಯಿತು. ೨೦೧೩ರಲ್ಲಿ ಕಡೂರು-ಚಿಕ್ಕಮಗಳೂರು ರೈಲುದಾರಿಯು ಪ್ರಾರಂಭವಾಗಿ ಸಖರಾಯಪಟ್ಟಣಕ್ಕೂ ಒಂದು ಸ್ಟೇಷನ್ ದೊರೆಯಿತು. ೨೦೨೩ರ ಆಗಸ್ಟಿನಿಂದ ಶಿವಮೊಗ್ಗೆಯ ಸೋಗಾನೆಯಿಂದಲೂ ವಿಮಾನಗಳು ಹಾರತೊಡಗಿದುವು. ಇಂದು ನಮ್ಮ ಊರುಗಳಲ್ಲಿ ದಿಲ್ಲಿಯಲ್ಲಿ ನೌಕರಿಯಲ್ಲಿರುವ ಮಗನೂ, ಜರ್ಮನಿಯಲ್ಲಿರುವ ಸೊಸೆಯೂ, ಹೈದರಾಬಾದಿನಲ್ಲಿ ಓದುವ ಮಗಳೂ ಇಲ್ಲದ ಮನೆತನಗಳೇ ಕಡಮೆ. ಆದುದರಿಂದ ಈ ಪ್ರಶ್ನೆಯು ನಮ್ಮದೇ ಆಗಿದೆ.

೨೦೨೫ರ ಡಿಸೆಂಬರ್ ತಿಂಗಳಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ದೇಶದೊಳಗಿನ ವಿಮಾನ ಪ್ರಯಾಣದಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಪಾಲನ್ನು ವಹಿಸಿಕೊಂಡಿದ್ದ ಇಂಡಿಗೊ ಕಂಪೆನಿಯ ವೇಳಾಪಟ್ಟಿಯು ಆ ತಿಂಗಳ ಮೊದಲ ವಾರದಲ್ಲಿ ಕುಸಿದುಬಿದ್ದಿತು. ಡಿಸೆಂಬರ್ ೩ರಿಂದ ೫ರವರೆಗಿನ ಮೂರೇ ದಿನಗಳಲ್ಲಿ ೨,೫೦೭ ಹಾರಾಟಗಳು ರದ್ದಾದುವೆಂದೂ, ೧,೮೫೨ ಹಾರಾಟಗಳು ತಡವಾದುವೆಂದೂ, ಮೂರು ಲಕ್ಷಕ್ಕೆ ಮೇಲ್ಪಟ್ಟ ಪ್ರಯಾಣಿಕರು ತೊಂದರೆಗೊಳಗಾದರೆಂದೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಪ್ರಕಟಿಸಿತು. ದೇವನಹಳ್ಳಿಯಲ್ಲಿ ಪೆಟ್ಟಿಗೆಗಳ ರಾಶಿಯೂ, ನೆಲದ ಮೇಲೆ ಮಲಗಿದ ಮುದುಕರೂ ಮಕ್ಕಳೂ ಕಾಣಬಂದರು. ಹುಬ್ಬಳ್ಳಿಯಲ್ಲಿ ಏರ್ಪಟ್ಟಿದ್ದ ಒಂದು ಆರತಕ್ಷತೆಗೆ ವಧೂವರರೇ ಬಂದು ಸೇರಲಾರದೆ, ಭುವನೇಶ್ವರದಲ್ಲಿಯೇ ಉಳಿದು, ತೆರೆಯ ಮೇಲೆ ಮುಖವನ್ನು ತೋರಿಸಿ ಬಂಧುಗಳ ಹರಕೆಯನ್ನು ಪಡೆಯಬೇಕಾಯಿತು. ನಗಬೇಕೋ ಅಳಬೇಕೋ ತಿಳಿಯದಂತಹ ಪ್ರಸಂಗವಿದು.

ಇದಕ್ಕೆ ಕಾರಣವೇನು? ಬಿರುಗಾಳಿಯಲ್ಲ, ಭೂಕಂಪವಲ್ಲ, ಯುದ್ಧವಲ್ಲ. ವಿಮಾನ ನಡೆಸುವವರು ನಿದ್ದೆಗೆಟ್ಟು ದುಡಿಯಬಾರದೆಂದು, ಅವರ ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ ಗಂಟೆಗಳಿಗೆ ಏರಿಸಿ, ರಾತ್ರಿಯ ಇಳಿತಗಳನ್ನು ಮಿತಗೊಳಿಸಿ, ೨೦೨೪ರ ಜನವರಿಯಲ್ಲಿಯೇ ನಿಯಮವು ಹೊರಟಿದ್ದಿತು. ಅದರ ಎರಡನೆಯ ಕಂತು ೨೦೨೫ರ ನವೆಂಬರ್ ೧ರಂದು ಜಾರಿಗೆ ಬಂದಿತು. ಹೀಗೆ ಸುಮಾರು ಎರಡು ವರ್ಷಗಳ ಅವಧಿಯಿದ್ದಾಗ್ಯೂ ಬೇಕಾದಷ್ಟು ಸಿದ್ಧತೆಯು ನಡೆಯಲಿಲ್ಲ. ಜನವನ್ನೂ ವಿಮಾನಗಳನ್ನೂ ಸ್ವಲ್ಪವೂ ಬಿಡುವಿಲ್ಲದಂತೆ ಬಿಗಿದು ದುಡಿಸುವ ಹವ್ಯಾಸ, ಸಿದ್ಧತೆಯ ಕೊರತೆ, ಯಂತ್ರವ್ಯವಸ್ಥೆಯ ಲೋಪ, ಆಡಳಿತದ ದೌರ್ಬಲ್ಯ, ಇವೇ ಕಾರಣಗಳೆಂದು ಮಹಾನಿರ್ದೇಶನಾಲಯವು ವಿಚಾರಣೆಯ ತರುವಾಯ ನಿರ್ಣಯಿಸಿ, ೨೦೨೬ರ ಜನವರಿಯಲ್ಲಿ ಕಂಪೆನಿಗೆ ೨೨.೨೦ ಕೋಟಿ ರೂಪಾಯಿಗಳ ಜುಲ್ಮಾನೆಯನ್ನು ವಿಧಿಸಿತು. ಜುಲ್ಮಾನೆಯು ಸರಕಾರದ ಬೊಕ್ಕಸವನ್ನು ಸೇರತಕ್ಕದ್ದು. ನೆಲದ ಮೇಲೆ ಮಲಗಿದವನ ಜೇಬಿಗೆ ಅದರಿಂದ ಒಂದು ಕಾಸೂ ಬೀಳುವುದಿಲ್ಲ. ಅವನ ಋಣವು ಬೇರೆ. ಅದನ್ನು ಅವನೇ ವಸೂಲುಮಾಡಬೇಕು.

ಮೊದಲು ಈ ಋಣದ ಸ್ವರೂಪವನ್ನು ತಿಳಿಯೋಣ. ಟಿಕೇಟೆಂಬುದು ಅನುಗ್ರಹದ ಚೀಟಿಯಲ್ಲ, ಅದು ಕರಾರು. ಕರಾರನ್ನು ಮುರಿದವನು ಅದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡತಕ್ಕದ್ದೆಂಬುದು ೧೮೭೨ರ ಕರಾರು ಕಾಯಿದೆಯ ೭೩ನೆಯ ಕಲಮಿನ ತಾತ್ಪರ್ಯ. ಈ ಸಾಮಾನ್ಯ ನ್ಯಾಯದ ಮೇಲೆ ಮಹಾನಿರ್ದೇಶನಾಲಯವು ವಿಮಾನಯಾನಕ್ಕೆಂದೇ ವಿಶೇಷ ನಿಯಮವನ್ನು ರಚಿಸಿದೆ. ಅದರಲ್ಲಿ ಹೇಳಿರುವ ಪರಿಹಾರದ ಮೊಬಲಗುಗಳು ೨೦೧೬ರ ಆಗಸ್ಟಿನಿಂದ ಬಳಕೆಗೆ ಬಂದುವು. ಅದರ ಸಾರಾಂಶವನ್ನು ಪ್ರತಿಯೊಬ್ಬ ಪ್ರಯಾಣಿಕನೂ ಕಂಠಪಾಠ ಮಾಡಿಟ್ಟುಕೊಳ್ಳುವುದು ಲೇಸು.

ಹಾರಾಟವನ್ನು ರದ್ದುಮಾಡುವ ಸಂಗತಿಯನ್ನು ಕಂಪೆನಿಯು ಎರಡು ವಾರಗಳ ಮುಂಚೆ ತಿಳಿಸಬೇಕು. ಕಡೆಯ ಪಕ್ಷ ೨೪ ಗಂಟೆಗಳ ಮುಂಚೆಯಾದರೂ ತಿಳಿಸಲೇಬೇಕು. ಹಾಗೆ ತಿಳಿಸಿದಾಗಲೂ, ಬೇರೊಂದು ವಿಮಾನವನ್ನಾಗಲಿ ಹಣದ ವಾಪಸನ್ನಾಗಲಿ ಪ್ರಯಾಣಿಕನು ಒಪ್ಪಿದ ಪ್ರಕಾರ ಒದಗಿಸಬೇಕು. ಹಾಗೆ ತಿಳಿಸದೆ ರದ್ದುಮಾಡಿದರೆ, ಮೇಲ್ಕಂಡ ಎರಡರಲ್ಲಿ ಒಂದನ್ನು ಕೊಡುವುದಲ್ಲದೆ, ಪರಿಹಾರ ದ್ರವ್ಯವನ್ನೂ ತೆರಬೇಕು. ಒಂದು ಗಂಟೆಯವರೆಗಿನ ಹಾರಾಟಕ್ಕೆ ೫,೦೦೦ ರೂಪಾಯಿ. ಒಂದರಿಂದ ಎರಡು ಗಂಟೆಗಳವರೆಗಿನದಕ್ಕೆ ೭,೫೦೦. ಎರಡು ಗಂಟೆಗಳಿಗೆ ಮೇಲ್ಪಟ್ಟುದಕ್ಕೆ ೧೦,೦೦೦. ಇಲ್ಲವೆ ಏಕಮುಖದ ಮೂಲ ದರವೂ ಇಂಧನದ ಸುಂಕವೂ ಸೇರಿದ ಮೊತ್ತ. ಈ ಎರಡರಲ್ಲಿ ಯಾವುದು ಕಡಮೆಯೋ ಅದು. ಒಂದೇ ಟಿಕೇಟಿನಲ್ಲಿ ಮುಂದಿನ ವಿಮಾನವೂ ಸೇರಿದ್ದು ಅದು ತಪ್ಪಿಹೋದರೆ, ಆಗಲೂ ಪರಿಹಾರವುಂಟು. ನಿಲ್ದಾಣಕ್ಕೆ ಆಗಲೇ ಬಂದು ಸೇರಿರುವವನಿಗೆ, ಕಾಯುವ ಹೊತ್ತಿನಲ್ಲಿ ಊಟ ಉಪಾಹಾರಗಳನ್ನೊದಗಿಸುವ ಹೊಣೆಯೂ ಕಂಪೆನಿಯದೇ.

ಇಲ್ಲಿ ವಾಚಕರು ಒಂದು ಭೇದವನ್ನು ಚೆನ್ನಾಗಿ ಮನಗಾಣಬೇಕು. ಟಿಕೇಟಿನ ಹಣವನ್ನು ಹಿಂದಕ್ಕೆ ಕೊಡುವುದು ಬೇರೆ. ಪರಿಹಾರವನ್ನು ಕೊಡುವುದು ಬೇರೆ. ನಮ್ಮ ಹಣವನ್ನು ನಮಗೆ ಹಿಂದಿರುಗಿಸುವುದು ಉಪಕಾರವಲ್ಲ. ಸೇರನ್ನು ಅಳೆಯದ ವರ್ತಕನು ಅಕ್ಕಿಯ ಹಣವನ್ನು ಹಿಂದಕ್ಕೆ ಕೊಟ್ಟಂತೆ ಅದು. ಪರಿಹಾರವಾದರೋ ಮಾತು ಮುರಿದುದಕ್ಕೆ ತೆರತಕ್ಕ ದಂಡ. ಹಣವು ಬ್ಯಾಂಕಿನ ಖಾತೆಗೆ ಮರಳಿತೆಂದು ಸಂತೋಷಪಟ್ಟು ಸುಮ್ಮನಾಗುವವರೇ ಬಹು ಮಂದಿ. ಅವರು ಅರ್ಧ ಋಣವನ್ನು ಬಿಟ್ಟುಕೊಟ್ಟಂತಾಯಿತು. ಮತ್ತೊಂದು ಮಾತು: ಹಣಕ್ಕೆ ಬದಲಾಗಿ, ಮುಂದೆ ಎಂದಾದರೂ ಪ್ರಯಾಣಕ್ಕೆ ಬಳಸಿಕೊಳ್ಳಿರೆಂದು ಕಂಪೆನಿಯು ತನ್ನ ಪುಸ್ತಕದಲ್ಲಿಯೇ ಜಮೆಯಿಟ್ಟುಕೊಳ್ಳುವ ಪದ್ಧತಿಯೊಂದಿದೆ. ಅದು ಪ್ರಯಾಣಿಕನು ಇಚ್ಛೆಪಟ್ಟರೆ ಮಾತ್ರವೇ ಹೊರತು ಕಂಪೆನಿಯ ಇಷ್ಟದಂತಲ್ಲವೆಂದು ನಿಯಮವು ಸ್ಪಷ್ಟವಾಗಿ ಸಾರುತ್ತಿದೆ. ಟಿಕೇಟನ್ನು ಏಜೆಂಟರ ಮೂಲಕ ಕೊಂಡಿದ್ದರೂ ಹಣ ಹಿಂದಿರುಗಿಸುವ ಭಾರವು ಕಂಪೆನಿಯ ಮೇಲೆಯೇ ಇರುವುದು. ಏಜೆಂಟನು ಅದರ ಪ್ರತಿನಿಧಿಯಲ್ಲವೆ?

ಈ ಜಮೆಯ ವಿಚಾರವು ಶ್ರೇಷ್ಠ ನ್ಯಾಯಾಲಯದವರೆಗೆ ಹೋದ ಸಂದರ್ಭವೂ ಉಂಟು. ಮಹಾಮಾರಿಯ ದೆಸೆಯಿಂದ ೨೦೨೦ರ ಮಾರ್ಚ್ ೨೫ರಿಂದ ಮೇ ೨೪ರವರೆಗೆ ದೇಶದೊಳಗಿನ ವಿಮಾನ ಸಂಚಾರವೆಲ್ಲವೂ ನಿಂತುಹೋಗಿದ್ದಿತು. ಆ ಅವಧಿಯ ಪ್ರಯಾಣಕ್ಕೆಂದು ಆ ಅವಧಿಯಲ್ಲಿಯೇ ಟಿಕೇಟು ಮಾರಿದ ಕಂಪೆನಿಗಳು ಪೂರ್ಣ ಹಣವನ್ನು ಹಿಂದಕ್ಕೆ ಕೊಡಬೇಕೆಂದು ೨೦೨೦ರ ಅಕ್ಟೋಬರ್ ೧ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದಕ್ಕೆ ಮುಂಚೆ ಕೊಂಡ ಟಿಕೇಟುಗಳ ಹಣವನ್ನು, ಕಷ್ಟದಲ್ಲಿದ್ದ ಕಂಪೆನಿಗಳು ೨೦೨೧ರ ಮಾರ್ಚ್ ೩೧ರವರೆಗೆ ಜಮೆಯಾಗಿಟ್ಟುಕೊಳ್ಳಬಹುದಾದರೂ, ತಿಂಗಳಿಗೆ ಮೊದಲು ನೂರಕ್ಕೆ ಅರ್ಧದಂತೆಯೂ ೨೦೨೦ರ ಜೂನ್ ಕಳೆದ ಮೇಲೆ ಮುಕ್ಕಾಲಿನಂತೆಯೂ ಅದು ಬೆಳೆಯತಕ್ಕದ್ದೆಂದೂ, ಕಡೆಗೆ ಬಳಕೆಯಾಗದುದನ್ನು ನಗದಾಗಿ ಸಲ್ಲಿಸತಕ್ಕದ್ದೆಂದೂ ವಿಧಿಸಿತು. ಲೋಕಕ್ಕೇ ಬಂದ ವಿಪತ್ತಿನಲ್ಲಿ ಕೂಡ ಪ್ರಯಾಣಿಕನ ಹಣವು ಪ್ರಯಾಣಿಕನದೇ ಎಂದು ನ್ಯಾಯಾಲಯವು ಎತ್ತಿಹಿಡಿದ ಮೇಲೆ, ಸಾಮಾನ್ಯ ದಿನಗಳಲ್ಲಿ ಸಂದೇಹಕ್ಕೆ ಎಡೆಯೆಲ್ಲಿ?

ಆದರೆ ನಾವು ಒಂದು ಪಕ್ಷದ ಮಾತನ್ನಷ್ಟೇ ಹೇಳಿ ವಾಚಕರನ್ನು ದಾರಿತಪ್ಪಿಸಲೊಲ್ಲೆವು. ವಿಮಾನವು ನಿಂತಾಗಲೆಲ್ಲ ಪರಿಹಾರವು ದೊರೆಯುವುದಿಲ್ಲ. ಪ್ರಕೃತಿಯ ವಿಕೋಪ, ದಂಗೆ, ಯುದ್ಧ, ಪ್ರವಾಹ, ಸರಕಾರದ ಆಜ್ಞೆ, ಮುಷ್ಕರ, ಹವೆಯ ದೋಷ, ಭದ್ರತೆಯ ಭಯ ಮೊದಲಾದ, ಕಂಪೆನಿಯ ಕೈಮೀರಿದ ಕಾರಣಗಳಿಂದ ಹಾರಾಟವು ನಿಂತರೆ ಪರಿಹಾರ ದ್ರವ್ಯವಿಲ್ಲ. ೨೦೦೭ರ ಡಿಸೆಂಬರಿನಲ್ಲಿ ದಿಲ್ಲಿಯಿಂದ ಹೈದರಾಬಾದಿಗೆ ಹೊರಡಬೇಕಾಗಿದ್ದ ವಿಮಾನವೊಂದು ದಟ್ಟವಾದ ಮಂಜಿನ ಕಾರಣದಿಂದ ಬಹು ಹೊತ್ತು ತಡವಾಯಿತು. ಪ್ರಯಾಣಿಕನೊಬ್ಬನು ದೂರಿತ್ತನು, ಖಾಯಂ ಲೋಕ ಅದಾಲತ್ತು ೧೦,೦೦೦ ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ೨೦೧೧ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಮಂಜಿಗೆ ಕಂಪೆನಿಯನ್ನು ಹೊಣೆಮಾಡಲಾಗದೆಂದು ಹೇಳಿತು. ಆದರೂ, ಕಾಯುವವನಿಗೆ ಕನಿಷ್ಠ ಸೌಕರ್ಯಗಳನ್ನೊದಗಿಸುವ ಹೊಣೆಯು ಅಗ್ಗದ ದರದ ಕಂಪೆನಿಗೂ ತಪ್ಪುವುದಿಲ್ಲವೆಂಬುದು ಅದೇ ತೀರ್ಪಿನ ಅಭಿಪ್ರಾಯ. ಮಂಜಿಗೆ ದಂಡವಿಲ್ಲ, ಹಸಿದವನಿಗೆ ಅನ್ನವಿಕ್ಕದಿದ್ದರೆ ತಪ್ಪುಂಟು.

ಹಾಗಾದರೆ ಪ್ರತಿ ಕಂಪೆನಿಯೂ ಪ್ರತಿ ಸಾರಿಯೂ ಮಂಜಿನ ಮೇಲೆ ದೋಷವನ್ನು ಹೊರಿಸಿ ಪಾರಾಗಬಹುದೆ? ಹಾಗಲ್ಲ. ೨೦೧೬ರಲ್ಲಿ ಅಜ್ಮೀರದಿಂದ ಜಮ್ಮುವಿಗೆ ಹೊರಟ ರೈಲು ನಾಲ್ಕು ಗಂಟೆ ತಡವಾಗಿ, ಒಂದು ಸಂಸಾರಕ್ಕೆ ಶ್ರೀನಗರದ ವಿಮಾನವು ತಪ್ಪಿಹೋಯಿತು. ಆ ಮೊಕದ್ದಮೆಯಲ್ಲಿ, ತಡಕ್ಕೆ ಕಾರಣವೇನೆಂಬುದನ್ನೂ ಅದು ತನ್ನ ಕೈಮೀರಿದುದೆಂಬುದನ್ನೂ ಒಯ್ಯುವವನೇ ರುಜುವಾತುಪಡಿಸಬೇಕು, ಇಲ್ಲವಾದರೆ ಅವನೇ ಹೊಣೆ ಎಂದು ೨೦೨೧ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನಿರ್ಧರಿಸಿ, ಬಾಡಿಗೆ ಮೋಟಾರಿನ ವೆಚ್ಚ ಮುಂತಾಗಿ ಕೆಳಗಿನ ವೇದಿಕೆಯು ಕೊಡಿಸಿದ್ದ ಪರಿಹಾರವನ್ನು ಸ್ಥಿರಪಡಿಸಿತು. ಈ ನ್ಯಾಯವು ರೈಲಿಗೆ ಒಪ್ಪುವುದಾದರೆ ವಿಮಾನಕ್ಕೂ ಒಪ್ಪತಕ್ಕದ್ದೇ. ಆದಕಾರಣ ಪ್ರಯಾಣಿಕನು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆಯು ಇದು: ರದ್ದಿಗೆ ಕಾರಣವೇನು? ಅದನ್ನು ಬರಹದಲ್ಲಿ ಕೊಡಿರಿ.

ಈಗ ಸಖರಾಯಪಟ್ಟಣದ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ತೆಂಗು ಅಡಕೆಗಳ ಸ್ವಲ್ಪ ಬೇಸಾಯವುಳ್ಳವನು. ಮಗನ ಮನೆಗೆಂದು ದಿಲ್ಲಿಗೆ ಹೊರಟಿರುವನು. ಬೆಳಗಿನ ಗಾಡಿಗೆ ಕಡೂರಿಗೆ ಬಂದು, ಅಲ್ಲಿಂದ ಬೆಂಗಳೂರು ಸೇರಿ, ಬಾಡಿಗೆಯ ಮೋಟಾರಿನಲ್ಲಿ ದೇವನಹಳ್ಳಿಯನ್ನು ಮುಟ್ಟುವ ಹೊತ್ತಿಗೆ ವಿಮಾನವು ರದ್ದಾಗಿದೆ. ಮುಂಚಿತವಾಗಿ ಯಾವ ಸಮಾಚಾರವೂ ಬರಲಿಲ್ಲ. ಏಕೆ? ಕಡೂರಿನ ಟಿಕೇಟು ಅಂಗಡಿಯವನು ಪ್ರಯಾಣಿಕನ ದೂರವಾಣಿಯ ಸಂಖ್ಯೆಯ ಬದಲು ತನ್ನ ಸಂಖ್ಯೆಯನ್ನು ಬರೆದಿದ್ದನು. ಇದು ಅಲ್ಪ ಸಂಗತಿಯೆಂದು ಎಣಿಸಬೇಡಿರಿ. ಸರಿಯಾದ ವಿಳಾಸ ಸಂಖ್ಯೆಗಳನ್ನು ಕೊಡದವನಿಗೆ ಪರಿಹಾರ ದ್ರವ್ಯವು ಸಲ್ಲದೆಂದು ನಿಯಮದಲ್ಲಿಯೇ ಇದೆ. ಚಿಕ್ಕ ಊರುಗಳ ಜನರು ಅಂಗಡಿಯವರಿಂದ ಟಿಕೇಟು ಕೊಳ್ಳುವುದೇ ಹೆಚ್ಚಾದುದರಿಂದ, ಈ ಒಂದು ವಾಕ್ಯದ ಗುಂಡಿಯಲ್ಲಿ ಬೀಳುವವರೂ ನಮ್ಮವರೇ ಹೆಚ್ಚು. ಟಿಕೇಟು ಕೊಳ್ಳುವಾಗಲೇ ನಿಮ್ಮ ಸಂಖ್ಯೆಯು ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿರಿ.

ಸಂಖ್ಯೆಯು ಸರಿಯಾಗಿಯೇ ಇದ್ದಿತೆಂದು ಇಟ್ಟುಕೊಂಡರೆ, ನಮ್ಮ ಗೃಹಸ್ಥನು ಮಾಡತಕ್ಕದ್ದೇನು? ಕೂಗಾಡುವುದರಿಂದ ಪ್ರಯೋಜನವಿಲ್ಲ. ಎದುರಿಗೆ ನಿಂತ ಎಳೆಯ ಗುಮಾಸ್ತೆಯು ವಿಮಾನವನ್ನು ರದ್ದುಮಾಡಿದವಳಲ್ಲ. ಅವಳನ್ನು ಬಯ್ಯುವುದು ನೀಚತನ. ರದ್ದಿನ ಕಾರಣವನ್ನು ತಿಳಿಸುವ ಪತ್ರವನ್ನು ಕೇಳಬೇಕು. ಬಂದ ಸಂದೇಶಗಳನ್ನು ಅಳಿಸದೆ, ಅವು ಬಂದ ವೇಳೆಯೊಡನೆ ಕಾದಿಡಬೇಕು. ನಿಲ್ದಾಣದ ಫಲಕದ ಛಾಯಾಚಿತ್ರವನ್ನು ತೆಗೆದುಕೊಳ್ಳಬೇಕು. ಊಟ, ವಸತಿ, ಬಾಡಿಗೆ ಇವುಗಳ ರಸೀದಿಗಳನ್ನು ಒಂದು ಲಕೋಟೆಯಲ್ಲಿ ಸೇರಿಸಬೇಕು. ಮನೆಗೆ ಬಂದೊಡನೆ ಒಂದು ಪತ್ರ: ಟಿಕೇಟಿನ ಸಂಖ್ಯೆ, ಹಾರಾಟದ ಸಂಖ್ಯೆ, ದಿನಾಂಕ, ರದ್ದಿನ ಸಮಾಚಾರ ದೊರೆತ ಹೊತ್ತು, ಹಿಂದಿರುಗಿಸಬೇಕಾದ ಹಣ, ಪರಿಹಾರ ದ್ರವ್ಯ, ಕೈಯಿಂದಾದ ವೆಚ್ಚ, ಇವನ್ನು ಬೇರೆ ಬೇರೆಯಾಗಿ ಬರೆದು, ಇಂತಿಷ್ಟು ದಿನಗಳೊಳಗೆ ಸಲ್ಲಿಸಬೇಕೆಂದು ಸೌಮ್ಯವಾದ ಆದರೆ ದೃಢವಾದ ಮಾತುಗಳಲ್ಲಿ ಕಂಪೆನಿಯ ನೋಡಲ್ ಅಧಿಕಾರಿಗೆ ಕಳುಹಿಸಬೇಕು. ಅಲ್ಲಿ ಸರಿಯಾದ ಉತ್ತರ ಬಾರದಿದ್ದರೆ, ಅದೇ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬೇಕು. ಇಂಥ ಅಧಿಕಾರಿಗಳಿರಬೇಕೆಂದು ನಿಯಮವೇ ವಿಧಿಸಿದೆ. ಸರಕಾರದ ಏರ್ ಸೇವಾ ಎಂಬ ದೂರು ವ್ಯವಸ್ಥೆಯು ೨೦೧೬ರಿಂದ ಉಂಟು. ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಉಂಟು.

ಇಷ್ಟರಲ್ಲಿ ಇತ್ಯರ್ಥವಾಗದಿದ್ದರೆ? ಇಲ್ಲಿಯೇ ನಮ್ಮ ಜನರು ಕೈಚೆಲ್ಲುವುದು. ಟಿಕೇಟಿನ ಷರತ್ತುಗಳಲ್ಲಿ, ವ್ಯಾಜ್ಯವೇನಿದ್ದರೂ ಇಂಥ ಮಹಾನಗರದ ನ್ಯಾಯಾಲಯಗಳಲ್ಲಿಯೇ ನಡೆಯತಕ್ಕದ್ದೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದುಂಟು. ಹತ್ತು ಸಾವಿರ ರೂಪಾಯಿಗಾಗಿ ದಿಲ್ಲಿಗೆ ಅಲೆಯುವವರು ಯಾರು? ಆದರೆ ೨೦೨೦ರ ಜುಲೈ ೨೦ರಂದು ಜಾರಿಗೆ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಈ ಭಯವನ್ನು ನೀಗಿದೆ. ಅದರ ೩೪ನೆಯ ಕಲಮಿನ ಪ್ರಕಾರ, ದೂರುಗಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು. ಅಂದರೆ ಸಖರಾಯಪಟ್ಟಣದವನಾಗಲಿ, ಅಜ್ಜಂಪುರದವನಾಗಲಿ, ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು; ಕಂಪೆನಿಯೇ ಇಲ್ಲಿಗೆ ಬಂದು ಉತ್ತರ ಹೇಳಬೇಕು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವಿಲ್ಲ. ೨೦೨೫ರ ಜನವರಿಯಿಂದ ನಡೆಯುತ್ತಿರುವ ಇ-ಜಾಗೃತಿ ಎಂಬ ಏರ್ಪಾಡಿನಲ್ಲಿ ಮನೆಯಿಂದಲೇ ದೂರನ್ನು ಸಲ್ಲಿಸಲೂಬಹುದು. ಕಾರಣವುಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಕೂಡದು. ನಿಯಮದಲ್ಲಿ ಹೇಳಿದ ಮೊಬಲಗಲ್ಲದೆ, ರುಜುವಾತುಪಡಿಸಿದ ನಿಜವಾದ ನಷ್ಟವನ್ನೂ, ಮನಃಕ್ಲೇಶವನ್ನೂ, ವ್ಯಾಜ್ಯದ ಖರ್ಚನ್ನೂ ಆಯೋಗವು ಕೊಡಿಸಬಲ್ಲುದು. ತೀರ್ಪು ತಡವಾಗುವುದುಂಟೆಂಬುದನ್ನು ನಾವು ಬಲ್ಲೆವು. ಪರೀಕ್ಷೆ ಬೇಡದ ಮೊಕದ್ದಮೆಯನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆಯು ಹೇಳಿದರೂ, ದೂರುಗಾರನಿಗೆ ತಾಳ್ಮೆಯು ಬೇಕು.

ಪರದೇಶದಲ್ಲಿರುವ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಯೂರೋಪಿನ ಒಕ್ಕೂಟದಲ್ಲಿ ೨೦೦೪ರಲ್ಲಿ ರಚಿತವಾಗಿ ೨೦೦೫ರ ಫೆಬ್ರವರಿಯಿಂದ ಜಾರಿಯಲ್ಲಿರುವ ೨೬೧ನೆಯ ಸಂಖ್ಯೆಯ ನಿಯಮವಿದೆ. ಹದಿನಾಲ್ಕು ದಿನಗಳ ಮುನ್ಸೂಚನೆಯಿಲ್ಲದೆ ರದ್ದುಮಾಡಿದರೆ, ಅದರ ಪ್ರಕಾರ ದೂರವನ್ನನುಸರಿಸಿ ೨೫೦, ೪೦೦, ಇಲ್ಲವೆ ೬೦೦ ಯೂರೋ ಪರಿಹಾರ. ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಯಾವ ದೇಶದ ಕಂಪೆನಿಯ ವಿಮಾನದಲ್ಲಿ ಹೊರಟರೂ ಇದು ಅನ್ವಯಿಸುವುದು. ಬೆಂಗಳೂರಿನಿಂದ ಹೊರಡುವಾಗ ಮಾತ್ರ ಕಂಪೆನಿಯು ಯೂರೋಪಿನದಾಗಿರಬೇಕು. ಅಲ್ಲಿಯೂ ಕೈಮೀರಿದ ಕಾರಣಗಳಿಗೆ ವಿನಾಯತಿಯುಂಟಾದರೂ, ವಿಮಾನದ ಯಂತ್ರವು ಕೆಟ್ಟಿತೆಂಬುದು ಸಾಮಾನ್ಯವಾಗಿ ಅಂಥ ಕಾರಣವಾಗಲಾರದೆಂದು ಅಲ್ಲಿನ ನ್ಯಾಯಾಲಯವು ೨೦೦೮ರಲ್ಲಿಯೇ ಹೇಳಿದೆ. ಬೇರೆ ದೇಶಗಳ ಮಾರ್ಗಗಳಲ್ಲಿ ತಡದಿಂದಾದ ನಷ್ಟಕ್ಕೆ, ೨೦೦೯ರಿಂದ ನಮ್ಮ ದೇಶವೂ ಸೇರಿರುವ ಮಾಂಟ್ರಿಯಲ್ ಒಡಂಬಡಿಕೆಯು ಆಧಾರ. ಅಲ್ಲಿಯೂ ಗಡುವು ಎರಡೇ ವರ್ಷ.

ಯೂರೋಪಿನ ನಿಯಮವನ್ನು ನಮ್ಮದರೊಡನೆ ಇಟ್ಟುನೋಡಿದರೆ ನಮ್ಮದರ ಕುಂದು ಎದ್ದುಕಾಣುವುದು. ಅಲ್ಲಿ ದೂರವೇ ಅಳತೆ. ಟಿಕೇಟು ಅಗ್ಗವಾಗಿ ಕೊಂಡುದೋ ದುಬಾರಿಯಾಗಿ ಕೊಂಡುದೋ ಎಂಬ ಪ್ರಶ್ನೆಯಿಲ್ಲ. ಇಲ್ಲಿಯಾದರೋ "ಯಾವುದು ಕಡಮೆಯೋ ಅದು" ಎಂಬ ನುಡಿಯು ಎಲ್ಲವನ್ನೂ ನುಂಗುತ್ತದೆ. ಶಿವಮೊಗ್ಗೆಯಿಂದ ಬೆಂಗಳೂರಿಗೆ ಮೂಲ ದರ ಎರಡು ಸಾವಿರ ರೂಪಾಯಿಯ ಟಿಕೇಟನ್ನು ಕೊಂಡವನಿಗೆ, ಇಂಧನದ ಸುಂಕವಿಲ್ಲದಿದ್ದರೆ, ೫,೦೦೦ವಲ್ಲ, ಎರಡು ಸಾವಿರವೇ ದೊರೆಯುವುದು. ಅದೇ ಸಂಜೆ ಬೇರೆ ಟಿಕೇಟು ಕೊಳ್ಳಹೋದರೆ ದರವು ನಾಲ್ಕು ಪಾಲು ಏರಿರಬಹುದು. ೨೦೨೫ರ ಡಿಸೆಂಬರಿನಲ್ಲಿ ಈ ಏರಿಕೆಯು ಅತಿಯಾದುದರಿಂದಲೇ ಸರಕಾರವು ೫೦೦ ಕಿಲೋಮೀಟರಿನವರೆಗೆ ೭,೫೦೦ ರೂಪಾಯಿ, ೧,೦೦೦ದವರೆಗೆ ೧೨,೦೦೦, ೧,೫೦೦ರವರೆಗೆ ೧೫,೦೦೦, ಅದಕ್ಕೆ ಮೇಲೆ ೧೮,೦೦೦ ಎಂದು ದರಕ್ಕೆ ಕಟ್ಟುಹಾಕಬೇಕಾಯಿತು. ಬದಲು ಟಿಕೇಟಿನ ಬೆಲೆಯೇ ೭,೫೦೦ ಆಗಬಹುದೆಂದು ಸರಕಾರವೇ ಒಪ್ಪಿದ ದೂರಕ್ಕೆ, ಎರಡು ಸಾವಿರದ ಪರಿಹಾರವು ಪರಿಹಾರವೆನಿಸೀತೆ?

ಆ ಸಂದರ್ಭದಲ್ಲಿ ಸರಕಾರವು ಬಿಗಿಯಾಗಿ ನಿಂತುದರ ಫಲವನ್ನೂ ಹೇಳಬೇಕು. ಡಿಸೆಂಬರ್ ೭ರ ರಾತ್ರಿ ಎಂಟು ಗಂಟೆಯೊಳಗೆ ಹಣವನ್ನೆಲ್ಲ ಹಿಂದಿರುಗಿಸಬೇಕೆಂದು ಗಡುವನ್ನು ವಿಧಿಸಲಾಗಿ, ೬೧೦ ಕೋಟಿ ರೂಪಾಯಿಗಳು ಮರಳಿದುವೆಂದು ಸರಕಾರವು ತಿಳಿಸಿತು. ಅತ್ಯಂತ ತೊಂದರೆಗೊಳಗಾದವರಿಗೆ, ನಿಯಮದ ಪರಿಹಾರವಲ್ಲದೆ, ಹನ್ನೆರಡು ತಿಂಗಳೊಳಗೆ ಪ್ರಯಾಣಕ್ಕೆ ಬಳಸಿಕೊಳ್ಳಬಹುದಾದ ೧೦,೦೦೦ ರೂಪಾಯಿಗಳ ಚೀಟಿಗಳನ್ನು ಕೊಡುವುದಾಗಿ ಕಂಪೆನಿಯು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಇಷ್ಟು ದೊಡ್ಡ ಮೊತ್ತವು ಮರಳಬಲ್ಲುದಾದರೆ, ಬೇರೆ ದಿನಗಳಲ್ಲಿ ಒಬ್ಬನ ಹಣವು ಮರಳಲು ತಿಂಗಳುಗಟ್ಟಲೆ ಏಕೆ ಬೇಕು? ಚೀಟಿಯ ವಿಷಯದಲ್ಲಿ ನಮ್ಮ ಅಭಿಪ್ರಾಯವಿಷ್ಟೆ: ಚೀಟಿಯು ಹಣವಲ್ಲ. ಮಾತು ಮುರಿದವನ ಅಂಗಡಿಗೇ ಮತ್ತೆ ಬರಬೇಕೆಂಬ ಕರೆಯದು.

"ಹೋಗಲಿ ಬಿಡಿ, ಅಗ್ಗದ ಟಿಕೇಟಿಗೆ ಇಷ್ಟೆಲ್ಲ ರಗಳೆಯೇಕೆ" ಎನ್ನುವ ಉದಾರಿಗಳು ನಮ್ಮಲ್ಲಿ ಬಹಳ. ಅವರಿಗೆ ನಮ್ಮ ಉತ್ತರವಿದು. ಹೆಚ್ಚಿನ ಸಿಬ್ಬಂದಿಯನ್ನು ನೇಮಿಸಿ, ಒಂದೆರಡು ವಿಮಾನಗಳನ್ನು ಬಿಡುವಾಗಿಟ್ಟು, ಆಪತ್ತಿಗೆ ಸಿದ್ಧವಾಗಿರುವುದಕ್ಕೆ ಕಂಪೆನಿಗೆ ಖರ್ಚು ತಗಲುವುದು. ಸಿದ್ಧವಾಗಿರದೆ ರದ್ದುಮಾಡುವುದಕ್ಕೆ ಅದಕ್ಕಿಂತ ಕಡಮೆ ಖರ್ಚಾಗುವುದಾದರೆ, ಲೆಕ್ಕ ಬಲ್ಲ ಯಾವ ವರ್ತಕನು ಮೊದಲನೆಯದನ್ನು ಆರಿಸಿಯಾನು? ಏರಿಯನ್ನು ವರುಷ ವರುಷ ದುರಸ್ತಿ ಮಾಡುವ ಖರ್ಚು ಊರಿನ ಮುಖಂಡರದು. ಕೆರೆಯೊಡೆದರೆ ಕೊಚ್ಚಿಹೋಗುವ ಗದ್ದೆಯು ಬಡವನದು ಎಂದಾದರೆ, ಏರಿಯ ಕಡೆಗೆ ಯಾರೂ ತಿರುಗಿನೋಡರು. ಒಬ್ಬೊಬ್ಬ ಪ್ರಯಾಣಿಕನು ಕೇಳಿ ಪಡೆಯುವ ಪರಿಹಾರವು ಆ ಲೆಕ್ಕವನ್ನು ತಿದ್ದುತ್ತದೆ. ವಿಮಾನ ನಡೆಸುವವನ ನಿದ್ದೆಗೂ ಅದೇ ರಕ್ಷೆ: ದಣಿದವನಿಂದ ಹಾರಿಸುವುದನ್ನು ಕಾನೂನು ತಡೆಯಬೇಕು, ದಣಿಯದವನನ್ನು ನೇಮಿಸದೆ ರದ್ದುಮಾಡುವುದನ್ನು ಪರಿಹಾರದ ಭಾರವು ತಡೆಯಬೇಕು.

ತಡಮಾಡುವುದರಲ್ಲಿ ಮತ್ತೊಂದು ಅಪಾಯವೂ ಇದೆ. ಬೆಂಗಳೂರಿನ ಕಿಂಗ್‌ಫಿಷರ್ ೨೦೧೨ರಲ್ಲಿಯೂ, ಜೆಟ್ ಏರ್‌ವೇಸ್ ೨೦೧೯ರಲ್ಲಿಯೂ, ಗೋ ಫಸ್ಟ್ ೨೦೨೩ರಲ್ಲಿಯೂ ರೆಕ್ಕೆ ಮಡಿಸಿದುವು. ಕಂಪೆನಿಯು ದಿವಾಳಿಯೆದ್ದ ಮೇಲೆ ಟಿಕೇಟಿನವನು ಬ್ಯಾಂಕುಗಳ ಹಿಂದೆ, ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಋಣವನ್ನು ಋಣಸ್ಥನು ನಿಂತಿರುವಾಗಲೇ ಕೇಳುವುದು ವಿವೇಕ.

ಸರಕಾರವನ್ನು ನಾವು ಕೇಳಿಕೊಳ್ಳುವುದು ಮೂರು. "ಯಾವುದು ಕಡಮೆಯೋ ಅದು" ಎಂಬ ಮಾತನ್ನು ನಿಯಮದಿಂದ ತೆಗೆಯಲಿ. ರದ್ದಿನ ಕಾರಣವನ್ನು ಪ್ರಯಾಣಿಕನು ಕೇಳದೆಯೇ ಬರಹದಲ್ಲಿ, ಕನ್ನಡ ನಾಡಿನ ನಿಲ್ದಾಣಗಳಲ್ಲಿ ಕನ್ನಡದಲ್ಲಿಯೂ, ಕೊಡುವಂತೆ ವಿಧಿಸಲಿ. ಹಣದ ವಾಪಸಿನಂತೆಯೇ ಪರಿಹಾರವೂ, ಅರ್ಜಿಗೆ ಕಾಯದೆ, ತಾನಾಗಿಯೇ ಖಾತೆಗೆ ಜಮೆಯಾಗಲಿ. ಹಣವನ್ನು ತೆಗೆದುಕೊಳ್ಳುವಾಗ ಕ್ಷಣಮಾತ್ರದಲ್ಲಿ ನಡೆಯುವ ಯಂತ್ರವು ಕೊಡು ಎಂದಾಗ ಕುಂಟುವುದೇಕೆ?

ಅಲ್ಲಿಯವರೆಗೆ ಪ್ರಯಾಣಿಕನೇ ನೀರುಗಂಟಿ. ಅವನು ಅರಿಕೆಯನ್ನು ಹೊತ್ತು ಹೋದಾಗ, "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಎಂಬ ಉತ್ತರವು ಬರುವುದು. ದೊರೆಯಂತೆ ಕಂಪೆನಿಯೂ ಬಲ್ಲುದು: ಇವನು ಮತ್ತೆ ಬಾರದಿದ್ದರೆ ತನ್ನ ಏರಿಯು ಭದ್ರ. ನೀರುಗಂಟಿಗೆ ಮರಳುವ ದಾರಿಯಿರಲಿಲ್ಲ; ನಮಗೆ ಚಿಕ್ಕಮಗಳೂರಿನವರೆಗೆ ದಾರಿಯಿದೆ. ಲಕೋಟೆಯನ್ನು ಕೈಯಲ್ಲಿ ಹಿಡಿದು ಎರಡನೆಯ ಸಾರಿ ಹೋಗಿರಿ; ಬೇಕಾದರೆ ಮೂರನೆಯ ಸಾರಿಯೂ ಹೋಗಿರಿ.